ಕತ್ರೆಲ್ ಕಾರಿನ ಎರಡು ಮೂತಿ

ಮೊಂತಸೂಲ್ ಎಂಬ ಊರಿನ ಗ್ಯಾರೇಜು ಲೆಯೊನಾರನದು. ಅವನಿಗೆ ಊರವರ ಮುಖಕ್ಕಿಂತ ಅವರ ಕಾರುಗಳ ಮೂತಿಯೇ ಹೆಚ್ಚು ಗುರುತು ಎಂದು ಕೆಫೆಯ ಗೆರ್ಮೆನ್ ಆಡಿಕೊಳ್ಳುತ್ತಿದ್ದಳು. ಅದು ತೀರಾ ಸುಳ್ಳೇನಲ್ಲ. ದಾರಿಯಲ್ಲಿ ಯಾರಾದರೂ ಎದುರಾದರೆ ಅವನು ಮೊದಲು ಕೇಳುತ್ತಿದ್ದದ್ದು, "ಹೇಗಿದಾಳೆ?" ಅಂತ. ಕೇಳಿದ್ದು ಹೆಂಡತಿಯ ವಿಚಾರ ಅಲ್ಲ, ಕಾರಿನ ವಿಚಾರ ಎಂದು ಎಲ್ಲರಿಗೂ ಗೊತ್ತಿತ್ತು.

ಆ ಎತ್ತರದ ಬಯಲುಸೀಮೆಯಲ್ಲಿ ಆಗ ಕಾರು ಅಂದರೆ ಕತ್ರೆಲ್. ರೆನೋ ಕಂಪನಿಯವರು ನಾಲ್ಕನೇ ನಂಬರು ಕೊಟ್ಟು ಹೊರತಂದ ಪುಟ್ಟ ಕಾರು. ಅರವತ್ತೊಂದರಲ್ಲಿ ಅದು ಬಂದ ಹೊಸದರಲ್ಲಿ ಪಾದ್ರಿಯವರು ಒಂದನ್ನು ತಂದರು; ಮೂರೇ ಗೇರು, ಏರಿನಲ್ಲಿ ಅದರ ಏದುಸಿರು ಕೇಳಲಾಗುತ್ತಿರಲಿಲ್ಲ. ಗೇರಿನ ಕೋಲು ನೆಲದಿಂದಲ್ಲ, ಸ್ಟೀರಿಂಗಿನ ಪಕ್ಕದಿಂದ ಕೊಡೆಯ ಹಿಡಿಯ ಹಾಗೆ ಚಾಚಿಕೊಂಡಿತ್ತು. ಅದನ್ನು ಎಳೆದು ತಿರುಗಿಸುವಾಗ ಪಾದ್ರಿ ಬಾಯಲ್ಲೇನೋ ಗೊಣಗುತ್ತಿದ್ದರು, ಅದು ಪ್ರಾರ್ಥನೆ ಮಾತ್ರ ಆಗಿರಲಿಲ್ಲ. ಆಮೇಲೆ ಒಂದೊಂದೇ ಬಂದವು. ಹಿಂದಿನ ಕಿಟಕಿಗೆ ಗಾಜಿನ ಬದಲು ತಗಡು ಹೊಡೆದ ಬಡವರ ಮಾದರಿ ಕುರಿಗಾರರ ಮನೆಗೆ. ಬಾಗಿಲ ಮೇಲೆ ಬೆತ್ತದ ಹೆಣಿಗೆಯ ಚಿತ್ತಾರ ಬರೆದ ಶೋಕಿ ಮಾದರಿ ಪಶುವೈದ್ಯರ ಹೆಂಡತಿಗೆ. ಬೆನ್ನ ಮೇಲೆ ಪೆಟ್ಟಿಗೆ ಹೊತ್ತಂಥ ವ್ಯಾನು ಬ್ರೆಡ್ಡಿನವನಿಗೆ. ಅದೇ ವ್ಯಾನಿಗೆ ಹಳದಿ ಬಳಿದರೆ ಅಂಚೆಯದು, ನೀಲಿ ಬಳಿದರೆ ಪೊಲೀಸರದು. ನೋಟರಿಯ ಮಗ ಒಂದು ಬೇಸಿಗೆಯಲ್ಲಿ, ಸಮುದ್ರತೀರದವರಿಗೆಂದು ಮಾಡಿದ, ಬಾಗಿಲೇ ಇಲ್ಲದ ಮಾದರಿಯೊಂದನ್ನು ತಂದು, ಈ ಸೀಮೆಯ ಸೆಪ್ಟೆಂಬರಿನ ಗಾಳಿಗೆ ನಡುಗಿ ಮಾರಿಬಿಟ್ಟಿದ್ದ. ಕತ್ರೆಲ್ ಯಾವುದೇ ಆಗಲಿ, ಅದರ ಎಡಗಡೆಯ ಎರಡು ಚಕ್ರಗಳ ನಡುವಿನ ಅಂತರಕ್ಕೂ ಬಲಗಡೆಯ ಅಂತರಕ್ಕೂ ಬೆರಳಿನಷ್ಟು ವ್ಯತ್ಯಾಸವಿತ್ತು. "ಹುಟ್ಟು ಕುಂಟಿ, ಆದ್ರೂ ನಮ್ಮನ್ನೆಲ್ಲ ಹೊತ್ಕೊಂಡು ಓಡಾಡ್ತಾಳೆ," ಎಂದು ಲೆಯೊನಾರ್ ಅದರ ಬೆನ್ನು ತಟ್ಟುತ್ತಿದ್ದ.

ಊರಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಕತ್ರೆಲ್ ಅವನ ತಂಗಿ ವಲೆರಿಯದು. ವಲೆರಿ ನರ್ಸು. ದಿನಾ ಬೆಳಿಗ್ಗೆ ಹೊರಟು, ಹತ್ತಿರದ ದೂರದ ಒಕ್ಕಲುಮನೆಗಳಿಗೆಲ್ಲ ಹೋಗಿ, ಇಂಜೆಕ್ಷನ್ ಕೊಟ್ಟು, ಗಾಯ ಕಟ್ಟಿ, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಬರುವವಳು. ಅವಳ ಕಾರು ಅರವತ್ತೆಂಟರದು. ಲೆಯೊನಾರನೇ ಕಟ್ಟಿದ್ದು ಅಂದರೂ ತಪ್ಪಿಲ್ಲ. ಇಂಜಿನ್ನು ಒಂದು ಕಾರಿನದು, ಬಾಗಿಲು ಇನ್ನೊಂದರದು, ಸೀಟು ಬ್ರೆಡ್ಡಿನವನ ಹಳೆಯ ವ್ಯಾನಿನದು. ಊರವರು ಅದನ್ನು 'ಕಲಸುಮೇಲೋಗರ' ಎನ್ನುತ್ತಿದ್ದರು. ಹೋದ ಚಳಿಗಾಲದಲ್ಲಿ ಒಂದು ಹಸು ಒದ್ದು ಅದರ ಮೂತಿಯ ಅಲ್ಯೂಮಿನಿಯಂ ಗ್ರಿಲ್ ಬಾಗಿಹೋದಾಗ ಲೆಯೊನಾರ್ ಹೊಸ ಮಾದರಿಯ ಕಪ್ಪು ಪ್ಲಾಸ್ಟಿಕ್ ಗ್ರಿಲ್ ಒಂದನ್ನು ಹೊಂದಿಸಿ ಕೂರಿಸಿದ್ದ. ಕಂಪನಿಯವರು ಎಪ್ಪತ್ತನಾಲ್ಕರ ಕೊನೆಯಿಂದ ಲೋಹ ಬಿಟ್ಟು ಪ್ಲಾಸ್ಟಿಕ್ ಹಾಕತೊಡಗಿದ್ದರು. ಹಳೆ ಮೈಗೆ ಹೊಸ ಮೂತಿ ಸರಿಯಾಗಿ ಕೂರದೆ, ಅವನು ಬಲತುದಿಯಲ್ಲಿ ಒಂದು ತೂತನ್ನು ಕೈಯಾರೆ ಕೊರೆಯಬೇಕಾಗಿತ್ತು. ಬಾಗಿದ ಹಳೆಯ ಗ್ರಿಲ್ಲನ್ನು ಬಿಡುವಾದಾಗ ತಟ್ಟಿ ನೆಟ್ಟಗೆ ಮಾಡಿ ಅಟ್ಟದ ಮೇಲೆ ಎಸೆದಿದ್ದ.

ಅಪ್ಪ ಅಮ್ಮ ಸತ್ತಾಗ ವಲೆರಿ ಇನ್ನೂ ಲಂಗ ತೊಟ್ಟ ಹುಡುಗಿ. ಲೆಯೊನಾರನೇ ಅವಳಿಗೆ ಸೂಪು ಕಾಸಿ ಹಾಕಿದವನು, ಜಡೆ ಹಾಕಲು ಕಲಿತವನು, ನರ್ಸು ಓದಲು ಪಟ್ಟಣಕ್ಕೆ ಬಿಟ್ಟುಬಂದವನು. ಅವಳು ಮದುವೆಯಾಗಲಿಲ್ಲ. ಅವನಾದ, ಹೆಂಡತಿ ಬೇಗ ತೀರಿಕೊಂಡಳು. ಭಾನುವಾರದ ಊಟಕ್ಕೆ ಅಣ್ಣ ತಂಗಿ ಇಬ್ಬರೇ ಎದುರುಬದುರು ಕೂರುತ್ತಿದ್ದರು.

ಎಪ್ಪತ್ತೆಂಟರ ನವೆಂಬರಿನ ಒಂದು ಬೆಳಿಗ್ಗೆ ಕೈ ಚಾಚಿದರೆ ಕೈ ಕಾಣದಂಥ ಮಂಜು ಬಿದ್ದಿತ್ತು. ಲೆಯೊನಾರ್ ಟ್ರ್ಯಾಕ್ಟರೊಂದರ ಕೆಳಗೆ ಮಲಗಿದ್ದಾಗ ಕಲಸುಮೇಲೋಗರದ ಸದ್ದು ಕೇಳಿತು. ಎದ್ದು ಬಂದರೆ ವಲೆರಿ ಕಾರಿನಿಂದ ಇಳಿದು ನಿಂತಿದ್ದಳು. ಪ್ಲಾಸ್ಟಿಕ್ ಗ್ರಿಲ್ಲಿನ ಬಲ ಅರ್ಧ ಹಾರಿಹೋಗಿತ್ತು. ಒಂದು ದೀಪ ಒಡೆದಿತ್ತು.

"ಏನಾಯ್ತೇ?"

"ಗೇಟಿನ ಕಂಬ. ಮಂಜಲ್ಲಿ ಕಾಣ್ಲಿಲ್ಲ." ಅವಳು ಅವನತ್ತ ನೋಡದೆ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. "ಫೊಂಬೆಲ್ ತೋಟದ ಅಜ್ಜಿ ಹೋಗ್ಬಿಟ್ರು. ನನ್ನ ಕೈಯಲ್ಲೇ. ಇನ್ನೂ ನಾಕು ಮನೆ ಬಾಕಿ ಇದೆ, ಬೇಗ ಏನಾದ್ರೂ ಮಾಡು ಅಣ್ಣ."

ಸಾವು ನೋಡಿ ಬಂದಿದ್ದಾಳೆ, ಅದಕ್ಕೇ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದುಕೊಂಡ. ಒಲೆಯ ಮೇಲಿದ್ದ ಕಾಫಿಗೆ ಒಂದು ತೊಟ್ಟು ಬ್ರಾಂದಿ ಹಾಕಿ ಅವಳ ಕೈಗಿಟ್ಟ. ಅಟ್ಟ ಹತ್ತಿ ಹಳೆಯ ಅಲ್ಯೂಮಿನಿಯಂ ಗ್ರಿಲ್ಲನ್ನು ಇಳಿಸಿ, ಹೊಸ ದೀಪ ಹಾಕಿ, ಚಕ್ರದ ಮೇಲಿನ ತಗಡಿಗೆ ಬಿದ್ದ ತಗ್ಗನ್ನು ಒಳಗಿನಿಂದ ತಟ್ಟಿ ಎಬ್ಬಿಸಿ ಕಳಿಸಿಕೊಟ್ಟ. ಮುರಿದ ಪ್ಲಾಸ್ಟಿಕ್ಕನ್ನು ಹಿಂದಿನ ಗುಜರಿ ರಾಶಿಗೆ ಬಿಸಾಡಿದ. ಬೆಳಿಗ್ಗೆಯ ಒಂದು ಕೆಲಸ ಮುಗಿದಂತಾಗಿ ಮತ್ತೆ ಟ್ರ್ಯಾಕ್ಟರಿನ ಕೆಳಗೆ ತೂರಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಗೆರ್ಮೆನ್ ಏಪ್ರನ್ನಿನಲ್ಲೇ ಓಡಿಬಂದಳು.

"ಕೇಳಿದ್ಯಾ? ಮಾರ್ಸಿಯಾಲ್‌ಗೆ ಯಾವನೋ ಕಾರು ಗುದ್ದಿ ಹೋಗಿದಾನೆ! ಫೊಂಬೆಲ್ ರಸ್ತೆ ತಿರುವಲ್ಲಿ. ಚರಂಡೀಲಿ ಬಿದ್ದಿದ್ನಂತೆ ಪಾಪ, ಹಾಲಿನ ಲಾರಿಯವನು ನೋಡಿದ್ದಂತೆ."

ಮಾರ್ಸಿಯಾಲ್ ನಿವೃತ್ತ ರಸ್ತೆ ಕೂಲಿ. ಊರಿನ ರಸ್ತೆಗಳಿಗೆಲ್ಲ ಜಲ್ಲಿ ಹಾಕಿದವನು, ಈಗ ಅದೇ ರಸ್ತೆಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆದು ಹೋಗಿ ಬ್ರೆಡ್ಡು ತರುವುದೇ ಅವನ ಕೆಲಸ.

"ಜೀವ ಇದೆಯಾ?" ಲೆಯೊನಾರ್ ಕೇಳಿದ. ಅವನ ದನಿ ಅವನಿಗೇ ದೂರದಿಂದ ಕೇಳಿದಂತಿತ್ತು.

"ಇದೆ ಅಂತಾರೆ. ಪ್ರಜ್ಞೆ ಇಲ್ಲ. ಸೊಂಟ ಕಾಲು ಎಲ್ಲ ಪುಡಿ. ನಿಲ್ಲಿಸದೆ ಹೋಗಿದಾನಲ್ಲ, ಅವನ ಕೈ ಸೇದಿಹೋಗ!"

ಅವಳು ಹೋದ ಮೇಲೆ ಲೆಯೊನಾರ್ ಗ್ಯಾರೇಜಿನ ಹಿಂದಕ್ಕೆ ಹೋಗಲಿಲ್ಲ. ಅಲ್ಲಿ ಏನಿದೆ ಎಂದು ನೋಡುವುದು ಬೇಡವಾಗಿತ್ತು. ಗೇಟಿನ ಕಂಬ ಎಂದು ತನಗೆ ತಾನೇ ಹೇಳಿಕೊಂಡ. ಫೊಂಬೆಲ್ ತೋಟಕ್ಕೆ ಗೇಟೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮಾರನೇ ದಿನ ಠಾಣೆಯ ಅಧಿಕಾರಿ ದೆಲ್ಮಾಸ್ ಬಂದ. ಈ ಕಡೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರದ, ಮೆಲ್ಲಗೆ ಮಾತಾಡುವ ಮನುಷ್ಯ. ಬೆಂಚಿನ ಮೇಲೆ ಕರವಸ್ತ್ರ ಬಿಚ್ಚಿದ. ಒಳಗೆ ಕಪ್ಪು ಪ್ಲಾಸ್ಟಿಕ್ ಚೂರುಗಳು.

"ಇದು ರಸ್ತೆ ಮೇಲೆ ಸಿಕ್ಕಿದ್ದು. ಯಾವ ಗಾಡೀದು ಅಂತ ನೀವು ಹೇಳ್ಬೇಕು, ಲೆಯೊನಾರ್ ಅವ್ರೆ."

ಹೇಳುವುದೇನು. ಒಂದು ಚೂರಿನ ತುದಿಯಲ್ಲಿ ಅವನೇ ಕೊರೆದ ತೂತು, ಕೊಂಚ ಓರೆಯಾಗಿ. ಅದನ್ನು ಕೊರೆಯುವಾಗ ಡ್ರಿಲ್ಲು ಜಾರಿ ಹೆಬ್ಬೆರಳು ತರಚಿತ್ತು.

"ಕತ್ರೆಲ್‌ದು," ಎಂದ ಲೆಯೊನಾರ್. "ಗ್ರಿಲ್ಲು."

"ಎಲ್ಲಾ ಕತ್ರೆಲ್‌ಗೂ ಇದೇನಾ?"

"ಇಲ್ಲ. ಹಳೇದಕ್ಕೆಲ್ಲ ಲೋಹದ್ದು. ಪ್ಲಾಸ್ಟಿಕ್ ಬಂದಿದ್ದು ಎಪ್ಪತ್ತನಾಲ್ಕರ ಕೊನೇಲಿ."

"ಹಾಗಾದ್ರೆ ನಾವು ಹುಡುಕ್ಬೇಕಾಗಿರೋದು ಆಮೇಲಿನ ಗಾಡಿ."

ಆ ಹೊತ್ತಿನಲ್ಲಿ 'ಹಾಗೇನಿಲ್ಲ, ಹಳೇದಕ್ಕೂ ಹೊಸದನ್ನು ಕೂರಿಸಬಹುದು' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಲೆಯೊನಾರ್ ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ದೆಲ್ಮಾಸ್ ಕರವಸ್ತ್ರ ಕಟ್ಟಿಕೊಂಡು, ಥ್ಯಾಂಕ್ಸ್ ಹೇಳಿ ಹೋದ.

ಅವನು ಹೋಗುತ್ತಲೇ ಲೆಯೊನಾರ್ ಗುಜರಿ ರಾಶಿಯಿಂದ ಮುರಿದ ಗ್ರಿಲ್ಲನ್ನು ಹೆಕ್ಕಿ ಗೋಣಿಚೀಲಕ್ಕೆ ತುಂಬಿ ಹಳೇ ಟೈರುಗಳ ಅಡಿಗೆ ತುರುಕಿದ. ಸುಟ್ಟುಬಿಡಬಹುದಿತ್ತು. ಯಾಕೆ ಸುಡಲಿಲ್ಲ ಎಂದು ಆಮೇಲೆ ನ್ಯಾಯಾಧೀಶರು ಕೇಳಿದಾಗಲೂ ಅವನಿಗೆ ಉತ್ತರ ಹೊಳೆಯಲಿಲ್ಲ.

ಆ ವಾರದ ಕೊನೆಗೆ ಅಬಿಲಿಯುವನ್ನು ಹಿಡಿದುಕೊಂಡು ಹೋದರು.

ಅಬಿಲಿಯು ಪೋರ್ತುಗಲ್ಲಿನವನು. ಕಲ್ಲು ಕಟ್ಟುವ ಕೆಲಸ. ಹೆಂಡತಿ ದೆಯೊಲಿಂದ, ಒಬ್ಬಳು ಪುಟ್ಟ ಮಗಳು. ಫೊಂಬೆಲ್ ರಸ್ತೆಯಲ್ಲೇ ಹಳೆಯ ಶಾಲೆಯ ಹಿಂದೆ ಮನೆ. ಅವನ ಹತ್ತಿರ ಎಪ್ಪತ್ತಾರರ ಒಂದು ಕತ್ರೆಲ್ ವ್ಯಾನು ಇತ್ತು, ಮತ್ತು ಅದರ ಮೂತಿಗೆ ಗ್ರಿಲ್ಲೇ ಇರಲಿಲ್ಲ. ಕಲ್ಲುಕೋರೆಯಲ್ಲಿ ಬಂಡೆಯೊಂದು ಉರುಳಿ ಒಡೆಯಿತು, ಅದಾಗಿ ಎಷ್ಟೋ ದಿನವಾಯಿತು ಎಂದು ಅವನು ಹೇಳಿದ. ಕೋರೆಯಲ್ಲಿ ಆಗ ಅವನ ಜೊತೆ ಇದ್ದವರು ಪೋರ್ತುಗಲ್ಲಿಗೆ ವಾಪಸು ಹೋಗಿದ್ದರು. ಅಪಘಾತದ ಬೆಳಿಗ್ಗೆ ಅವನು ಅದೇ ರಸ್ತೆಯಲ್ಲಿ ಕೆಲಸಕ್ಕೆ ಹೋಗಿದ್ದೂ ನಿಜ.

ಕೆಫೆಯಲ್ಲಿ ತೀರ್ಪು ಬೇಗ ಹೊರಬಿತ್ತು.

"ಮುಖ ನೋಡಿದ್ರೇ ಗೊತ್ತಾಗಲ್ವ? ಯಾವತ್ತೂ ನಮ್ಮ ಜೊತೆ ಒಂದು ಗ್ಲಾಸ್ ಕುಡಿದೋನಲ್ಲ," ಎಂದ ಬ್ರೆಡ್ಡಿನವನು.

"ನೀನು ಕರೆದಿದ್ರೆ ತಾನೇ?" ಎಂದಳು ಗೆರ್ಮೆನ್.

"ನಾನ್ಯಾಕೆ ಕರೀಲಿ? ನಂಗೆ ಅವರ ಭಾಷೆ ಬರುತ್ತಾ?"

"ಬ್ರೆಡ್ಡು ಮಾರೋವಾಗ ಚೆನ್ನಾಗೇ ಬರುತ್ತಲ್ಲ ನಿಂಗೆ."

ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂತಿದ್ದ ಲೆಯೊನಾರನೂ ನಕ್ಕ. ಗ್ಲಾಸನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಎರಡು ದಿನ ಬಿಟ್ಟು ಅಬಿಲಿಯುವಿನ ಮನೆಯ ಕಿಟಕಿಗೆ ಯಾರೋ ಕಲ್ಲು ಹೊಡೆದರು.

ದೆಲ್ಮಾಸ್ ಮತ್ತೆ ಬಂದ. ಈ ಸಲ ನಿಂತೇ ಮಾತಾಡಿದ.

"ಒಂದೇ ಒಂದು ವಿಷಯ. ಅವನು ಹೇಳ್ತಾನೆ, ಸೆಪ್ಟೆಂಬರಲ್ಲೇ ನಿಮ್ಮ ಹತ್ರ ಬಂದು ಹಳೇ ಗ್ರಿಲ್ಲು ಸಿಗುತ್ತಾ ಅಂತ ಕೇಳಿದ್ದೆ ಅಂತ. ನಿಜಾನಾ?"

ನಿಜವಾಗಿತ್ತು. ದ್ರಾಕ್ಷಿ ಕೊಯ್ಲಿಗೆ ಜನ ಹೋಗುವ ಹೊತ್ತು. ಅಬಿಲಿಯು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮಗಳು ವ್ಯಾನಿನಿಂದ ಇಳಿದುಬಂದು, ಗ್ರೀಸಿನ ಡಬ್ಬಿಗೆ ಬೆರಳು ಅದ್ದಿದ್ದಳು. ಲೆಯೊನಾರ್ ಅವಳ ಮೂಗಿಗೆ ಒಂದು ಚುಕ್ಕೆ ಗ್ರೀಸು ಹಚ್ಚಿ ನಗಿಸಿದ್ದ. "ಸಿಕ್ಕಿದ್ರೆ ತೆಗೆದಿಡ್ತೀನಿ, ಹೋಗು," ಎಂದಿದ್ದ.

ಈಗ 'ಹೌದು' ಎಂದು ಬಿಟ್ಟರೆ ಅಬಿಲಿಯು ಮನೆಗೆ ಬರುತ್ತಾನೆ. ದೆಲ್ಮಾಸ್ ಬೇರೆ ಕಡೆ ತಿರುಗುತ್ತಾನೆ. ಬೇರೆ ಕಡೆ ಅಂದರೆ ಈ ಸುತ್ತಲಲ್ಲಿ ಉಳಿದ ಕಾರುಗಳೆಷ್ಟು? ಎಲ್ಲದರ ಒಳಹೊರಗೂ ಅವನಿಗೆ ಗೊತ್ತಿದ್ದದ್ದೇ.

"ನೆನಪಿಲ್ಲ," ಎಂದ ಲೆಯೊನಾರ್. "ದಿನಾ ಯಾರಾದ್ರೂ ಏನಾದ್ರೂ ಕೇಳ್ತಾನೇ ಇರ್ತಾರೆ."

"ಬಂದಿಲ್ಲ ಅಂತೀರಾ?"

"ನೆನಪಿಲ್ಲ ಅಂದೆ."

ದೆಲ್ಮಾಸ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಟೋಪಿ ಹಾಕಿಕೊಂಡ.

ಆ ಮಾತು ಹೊರಬಿದ್ದ ಮೇಲೆ ಲೆಯೊನಾರನಿಗೆ ಊಟ ಸೇರಲಿಲ್ಲ. ಇಂಜಿನ್ ಬಿಚ್ಚಿದರೆ ಜೋಡಿಸುವ ಕ್ರಮ ತಪ್ಪುತ್ತಿತ್ತು. ತಂಗಿಯನ್ನು ನೋಡುವುದು ಬೇಡವೆನಿಸಿ, ಭಾನುವಾರ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕಳಿಸಿದ. ಅವಳೂ ಯಾಕೆ ಏನು ಎಂದು ವಿಚಾರಿಸಿಕೊಂಡು ಬರಲಿಲ್ಲ. ಯಾರಿಗೆ ಮೈ ಬಿಸಿಯಾದರೂ ಓಡಿ ಬರುವವಳು ಅಣ್ಣನ ಹೊಟ್ಟೆನೋವಿಗೆ ಬರಲಿಲ್ಲ.

ಬಂದವಳು ದೆಯೊಲಿಂದ. ಮಗಳನ್ನು ಕೈಹಿಡಿದುಕೊಂಡು, ಚರ್ಚಿಗೆ ಹೋಗುವ ಕರಿಯ ಕೋಟು ತೊಟ್ಟುಕೊಂಡು ಬಂದಿದ್ದಳು.

"ಯಜಮಾನ್ರೆ, ನನ್ನ ಗಂಡ ನಿಮ್ಮ ಹತ್ರ ಬಂದಿದ್ದ. ನಾನು ವ್ಯಾನಲ್ಲೇ ಕೂತಿದ್ದೆ. ನೀವು ಇವಳ ಮೂಗಿಗೆ ಗ್ರೀಸ್ ಹಚ್ಚಿದ್ರಿ. ನಾನು ಮನೇಲಿ ಸೋಪು ಹಾಕಿ ತೊಳೆದೆ."

ಲೆಯೊನಾರ್ ಮಗುವಿನ ಮುಖ ನೋಡಿದ. ಅದು ಗ್ರೀಸಿನ ಡಬ್ಬಿಯನ್ನು ಗುರುತು ಹಿಡಿದು ಅದನ್ನೇ ನೋಡುತ್ತಿತ್ತು.

"ನನಗೆ ನೆನಪಿಲ್ಲಮ್ಮ."

"ನೆನಪಿಲ್ಲದೋರು ಹೀಗೆ ನೆಲ ನೋಡಲ್ಲ," ಎಂದಳು ದೆಯೊಲಿಂದ. ಅವಳ ದನಿ ಏರಲಿಲ್ಲ. "ನಮ್ಮೋರು ಅಂತ ಇಲ್ಲಿ ನಮಗೆ ಯಾರೂ ಇಲ್ಲ. ಸರಿ. ಆದ್ರೆ ನೀವು ನಮ್ಮ ಮೇಲೆ ಏನು ಕೋಪ ಇಟ್ಕೊಂಡಿದೀರಿ ಅಂತ ಹೇಳಿ. ನಾವೇನಾದ್ರೂ ಮಾಡಿದೀವಾ ನಿಮಗೆ?"

"ಏನೂ ಮಾಡಿಲ್ಲ."

"ಮತ್ತೆ?"

ಲೆಯೊನಾರ್ ಗ್ರೀಸಿನ ಡಬ್ಬಿಗೆ ಮುಚ್ಚಳ ಹಾಕಿದ. ಅವಳು ಕಾದಳು. ಆಮೇಲೆ ಮಗಳ ಕೈಹಿಡಿದು, ಬಂದ ಹಾಗೆಯೇ ನೆಟ್ಟಗೆ ನಡೆದು ಹೋದಳು. ಅವಳು ಬೈದಿದ್ದರೆ, ಅತ್ತಿದ್ದರೆ ಅವನಿಗೆ ತಡೆದುಕೊಳ್ಳಲು ಆಗುತ್ತಿತ್ತೇನೋ.

ಆ ಸಂಜೆಯೇ ಅವನು ವಲೆರಿಯ ಮನೆಗೆ ಹೋದ. ಅವಳು ಅಡುಗೆಮನೆಯಲ್ಲಿ ಸಿರಿಂಜುಗಳನ್ನು ಕುದಿಸುತ್ತಿದ್ದಳು. ಮೇಜಿನ ಮೇಲೆ ಆಲೂಗಡ್ಡೆ ತುಂಬಿ ಸುಟ್ಟ ರೊಟ್ಟಿಯ ಒಂದು ತುಂಡು, ಅಂಚು ಒಣಗಿ ಬಿದ್ದಿತ್ತು.

"ಹೊಟ್ಟೆ ಹೇಗಿದೆ?" ಎಂದಳು, ಬೆನ್ನು ತಿರುಗಿಸಿಯೇ.

"ಫೊಂಬೆಲ್ ತೋಟಕ್ಕೆ ಗೇಟಿಲ್ಲ, ವಲೆರಿ."

ಅವಳು ಒಲೆ ಆರಿಸಿದಳು.

"ಜಿಂಕೆ ಅಂದ್ಕೊಂಡೆ," ಎಂದಳು. "ನಿಲ್ಲಿಸಿದೆ. ಇಳಿದು ನೋಡಿದೆ. ಮಂಜು ಬಿಟ್ರೆ ಏನೂ ಇರ್ಲಿಲ್ಲ. ಅಲ್ಲಿ ಅಜ್ಜಿ ಉಸಿರಿಗೆ ಒದ್ದಾಡ್ತಿದ್ರು, ಅವರ ಮಗ ಫೋನ್ ಮೇಲೆ ಫೋನ್ ಮಾಡಿದ್ದ. ಹೋದೆ."

"ನಿಜ ಹೇಳು."

"ನಿಜಾನೇ ಹೇಳ್ತಿರೋದು."

"ನಿನ್ನನ್ನ ಚಿಕ್ಕವಳಿಂದ ನೋಡಿದೀನಿ ಕಣೇ. ಸುಳ್ಳು ಹೇಳೋವಾಗ ನೀನು ಬೆನ್ನು ತಿರುಗಿಸ್ತೀಯ."

ಅವಳು ತಿರುಗಿದಳು. ಈಚೆಗೆ ಅವಳೂ ಊಟ ಮಾಡಿರಲಿಲ್ಲ ಎಂದು ಅವಳ ಕೆನ್ನೆ ಹೇಳುತ್ತಿತ್ತು.

"ಟೋಪಿ ಕಂಡಿತು," ಎಂದಳು. "ರಸ್ತೆ ಮಧ್ಯ. ಜಿಂಕೆ ಟೋಪಿ ಹಾಕಲ್ಲ ಅಂತ ನಂಗೆ ಗೊತ್ತಿಲ್ವ ಅಣ್ಣ? ಎರಡು ಸಲ ಕೂಗಿದೆ, ಯಾರು, ಯಾರಲ್ಲಿ ಅಂತ. ಉತ್ತರ ಬರ್ಲಿಲ್ಲ. ಚರಂಡಿಗೆ ಇಳಿದು ನೋಡ್ಬೇಕಾಗಿತ್ತು. ಇಳೀಲಿಲ್ಲ. ಇಳಿದ್ರೆ ಏನು ಕಾಣುತ್ತೋ ಅಂತ ಹೆದರಿದೆ. ಫೊಂಬೆಲ್‌ಗೆ ಹೋಗಿ ಅಲ್ಲಿಂದ ಫೋನ್ ಮಾಡೋಣ ಅಂದ್ಕೊಂಡೆ. ಅಲ್ಲಿ ಹೋದ್ರೆ ಅಜ್ಜಿ ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ. ಆಕೆ ಕಣ್ಣು ಮುಚ್ಚಿ ನಾನು ಫೋನ್ ಹತ್ರ ಹೋಗೋ ಹೊತ್ತಿಗೆ ಆಂಬುಲೆನ್ಸ್ ಸದ್ದು ಕೇಳಿಸ್ತು. ಯಾರೋ ನೋಡಿದಾರೆ, ಕರ್ಕೊಂಡು ಹೋಗ್ತಿದಾರೆ ಅಂತ... ಅಷ್ಟಕ್ಕೇ ಸುಮ್ಮನಾಗ್ಬಿಟ್ಟೆ."

"ಅಬಿಲಿಯು ಒಳಗಿದಾನೆ."

"ಗೊತ್ತು."

"ಅವನ ಮನೆ ಕಿಟಕಿ ಒಡೆದಿದಾರೆ."

"ಗೊತ್ತು ಅಂದ್ನಲ್ಲ!" ವಲೆರಿ ಮೇಜನ್ನು ಕೈಯಿಂದ ಬಡಿದಳು. "ನಾನು ಹೋದ್ರೆ ಇಲ್ಲಿ ಯಾರಿದಾರೆ? ಬೆಟ್ಟದ ಮೇಲಿನ ಮನೆಗಳಿಗೆ ಯಾವ ನರ್ಸು ಬರ್ತಾಳೆ? ನಾಳೆ ಬೆಳಿಗ್ಗೆ ಸಕ್ಕರೆ ಕಾಯಿಲೆ ಇರೋ ಆ ಲುಸೆತ್‌ಗೆ ಸೂಜಿ ಯಾರು ಚುಚ್ತಾರೆ, ನೀನಾ? ಮತ್ತೆ ಗ್ರಿಲ್ಲು ಬದಲಾಯಿಸಿದ್ದು ಯಾರು? ನೆನಪಿಲ್ಲ ಅಂತ ಹೇಳಿದ್ದು ಯಾರು? ನಾನು ಕೇಳಿದ್ನಾ ನಿನ್ನ?"

"ಕೇಳ್ಲಿಲ್ಲ."

"ಮತ್ಯಾಕೆ ಹೇಳಿದೆ?"

ಅದಕ್ಕೆ ಲೆಯೊನಾರನ ಹತ್ತಿರ ಇದ್ದದ್ದು ಒಂದೇ ಉತ್ತರ. ಅದನ್ನು ಅವಳು ಚಿಕ್ಕವಳಿದ್ದಾಗಿನಿಂದ ಅವನು ದಿನಾ ಸೂಪು ಕಾಸಿ ಹಾಕಿ ಹೇಳಿದ್ದ, ಬಾಯಿಬಿಟ್ಟು ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

"ನಾಳೆ ನಾನು ಠಾಣೆಗೆ ಹೋಗ್ತೀನಿ," ಎಂದ. "ಸೆಪ್ಟೆಂಬರಲ್ಲಿ ಅಬಿಲಿಯು ಬಂದಿದ್ದ ಅಂತ ಹೇಳ್ತೀನಿ. ಅಷ್ಟೇ ಹೇಳಿ ಬರ್ತೀನಿ. ಆದ್ರೆ ಆ ದೆಲ್ಮಾಸ್ ದಡ್ಡ ಅಲ್ಲ. ಹಂಗಾದ್ರೆ ಯಾರ್ದು ಅಂತ ಕೇಳೇ ಕೇಳ್ತಾನೆ. ಕೇಳಿದ್ರೆ ಇನ್ನೊಂದು ಸುಳ್ಳು ನನ್ನ ಕೈಲಾಗಲ್ಲ ಕಣೇ."

"ನನ್ನನ್ನ ಹಿಡ್ಕೊಡ್ತೀಯ."

"ನೀನೇ ಹೋಗು ಅಂತ ಹೇಳೋಕೆ ಬಂದೆ."

"ಆಚೆ ಹೋಗು," ಎಂದಳು ವಲೆರಿ. ಅವನು ಹೋದ.

ಬೆಳಿಗ್ಗೆ ಲೆಯೊನಾರ್ ಗೋಣಿಚೀಲವನ್ನು ಟೈರುಗಳ ಅಡಿಯಿಂದ ತೆಗೆದು ಕಾರಿನಲ್ಲಿ ಹಾಕಿಕೊಂಡ. ಠಾಣೆಯ ಮುಂದೆ ಇಳಿದಾಗ ಚೀಲವನ್ನು ಕಾರಲ್ಲೇ ಬಿಟ್ಟು ಒಳಗೆ ಹೋದ.

"ಬಂದಿದ್ದ," ಎಂದ ದೆಲ್ಮಾಸನ ಎದುರು ನಿಂತು. "ಸೆಪ್ಟೆಂಬರಲ್ಲಿ. ಅವನ ಗಾಡಿಗೆ ಆಗಲೇ ಗ್ರಿಲ್ ಇರ್ಲಿಲ್ಲ. ನನ್ನ ಕಣ್ಣಾರೆ ನೋಡಿದೆ."

"ಮೊನ್ನೆ ನೆನಪಿರ್ಲಿಲ್ಲ."

"ನೆನಪಿತ್ತು. ಸುಳ್ಳು ಹೇಳಿದೆ."

ದೆಲ್ಮಾಸ್ ಕುರ್ಚಿ ತೋರಿಸಿದ. ಲೆಯೊನಾರ್ ಕೂರಲಿಲ್ಲ.

"ಯಾಕೆ ಹೇಳಿದ್ರಿ ಅಂತ ಕೇಳ್ಬೇಕಾಗುತ್ತೆ ನಾನು."

"ಸಂಜೆವರೆಗೆ ಟೈಮ್ ಕೊಡಿ. ಆಮೇಲೆ ಕೇಳಿ. ಹೇಳ್ತೀನಿ."

ದೆಲ್ಮಾಸ್ ಏನನ್ನು ಊಹಿಸಿದನೋ. ಕಿಟಕಿಯಿಂದ ಹೊರಗೆ ನೋಡಿ, "ಸಂಜೆವರೆಗೆ," ಎಂದ.

ವಲೆರಿ ಆ ದಿನ ತನ್ನ ಮನೆಗಳನ್ನೆಲ್ಲ ಸುತ್ತಿ ಮುಗಿಸಿದಳು. ಲುಸೆತ್‌ಗೆ ಸೂಜಿ ಚುಚ್ಚಿ, ನಾಳೆಯದನ್ನು ತಾನೇ ಚುಚ್ಚಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಳು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಕಲಸುಮೇಲೋಗರವನ್ನು ಠಾಣೆಯ ಮುಂದೆ ನಿಲ್ಲಿಸಿ ಒಳಗೆ ಹೋದಳು. ಲೆಯೊನಾರ್ ಇನ್ನೂ ಅಲ್ಲೇ, ರಸ್ತೆಯಾಚೆ ತನ್ನ ಕಾರಿನಲ್ಲಿ ಕೂತಿದ್ದ. ಅವಳು ಅವನನ್ನು ನೋಡಿದಳು. ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಪೇದೆ ಬಂದು ಚೀಲ ಇಸಿದುಕೊಂಡು ಹೋದ.

ಅಬಿಲಿಯು ಅಂದೇ ಮನೆಗೆ ಬಂದ. ಒಂದೆರಡು ದಿನ ಬಿಟ್ಟು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತ. ಈ ಸಲ ಟೋಪಿ ತೆಗೆಯಲಿಲ್ಲ.

"ಸೆಪ್ಟೆಂಬರಲ್ಲಿ ನಾನು ಬಂದಿದ್ದೆ ಅಲ್ವ?"

"ಬಂದಿದ್ದೆ, ಅಬಿಲಿಯು. ನಾನು..."

"ಅದೊಂದನ್ನ ನಿನ್ನ ಬಾಯಲ್ಲಿ ಕೇಳ್ಬೇಕಿತ್ತು. ಸಾಕು." ಲೆಯೊನಾರ್ ಹೊಸದೊಂದು ಗ್ರಿಲ್ಲನ್ನು ಅವನಿಗೆಂದೇ ತರಿಸಿ ಬೆಂಚಿನ ಮೇಲೆ ಇಟ್ಟಿದ್ದ. ಅಬಿಲಿಯು ಅದನ್ನು ಕಂಡ, ಮುಟ್ಟದೆ ಹೋದ. ಅವನ ವ್ಯಾನು ಆ ಚಳಿಗಾಲವೆಲ್ಲ ಬೋಳು ಮೂತಿಯಲ್ಲೇ ಓಡಾಡಿತು. ಏನಾದರೂ ಕೆಟ್ಟರೆ ಪಕ್ಕದೂರಿನ ಗ್ಯಾರೇಜಿಗೆ ಒಯ್ಯುತ್ತಿದ್ದ.

ನ್ಯಾಯಾಲಯ ವಲೆರಿಯನ್ನು ಜೈಲಿಗೆ ಕಳಿಸಲಿಲ್ಲ. ತಾನಾಗಿ ಬಂದದ್ದನ್ನು, ಆ ಬೆಳಿಗ್ಗೆ ಅವಳು ಎಲ್ಲಿಗೆ ಹೊರಟಿದ್ದಳು ಎಂಬುದನ್ನು ಗಣನೆಗೆ ತೆಗೆದುಕೊಂಡು ಶಿಕ್ಷೆಯನ್ನು ತಡೆಹಿಡಿದು, ಕಾರು ಓಡಿಸುವ ಲೈಸೆನ್ಸನ್ನು ಮಾತ್ರ ಕಿತ್ತುಕೊಂಡಿತು. ಸುಳ್ಳು ಹೇಳಿದ್ದಕ್ಕೆ ಲೆಯೊನಾರನಿಗೂ ದಂಡ ಬಿತ್ತು. ಅದಕ್ಕಿಂತ ದೊಡ್ಡ ದಂಡ ಊರಿನದು. ಎಲ್ಲರ ಮೈಯನ್ನೂ ಮುಟ್ಟಿ ವಾಸಿ ಮಾಡಿದ್ದ ವಲೆರಿಯ ಮೇಲೆ ಊರು ಕೋಪ ಮಾಡಿಕೊಳ್ಳಲು ತಯಾರಿರಲಿಲ್ಲ. ಆ ಕೋಪಕ್ಕೆ ಲೆಯೊನಾರ್ ಸಿಕ್ಕಿದ.

"ಒಡಹುಟ್ಟಿದವಳನ್ನೇ ಬಿಟ್ಟುಕೊಟ್ಟೋನು. ಸ್ವಲ್ಪ ದಿನ ಸುಮ್ಮನಿದ್ದಿದ್ರೆ ಆ ಪೋರ್ತುಗೀಸನನ್ನ ಅವರೇ ಬಿಡ್ತಿದ್ರು," ಎಂದ ಬ್ರೆಡ್ಡಿನವನು, ಅವನಿಗೆ ಕೇಳುವ ಹಾಗೆ.

"ಬಿಡದೆ ಇದ್ದಿದ್ರೆ?" ಎಂದು ಗೆರ್ಮೆನ್ ಕೇಳಿದಳು. ಆದರೂ ಅವಳೂ ಲೆಯೊನಾರನ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿಯೇ ಇಟ್ಟಳು.

ಜನವರಿಯಲ್ಲಿ ಹಿಮ ಬಿತ್ತು. ಪಟ್ಟಣದಿಂದ ಬದಲಿ ನರ್ಸು ಒಬ್ಬಳು ಎರಡು ಸಲ ಬಂದು, ಮೂರನೇ ಸಲ ದಾರಿಯಲ್ಲಿ ಹೂತುಕೊಂಡು, ಮತ್ತೆ ಬರಲಿಲ್ಲ. ಬೆಟ್ಟದ ಮೇಲಿನ ಮನೆಗಳ ಮುದುಕರು ಕಿಟಕಿಯಲ್ಲಿ ಕೂತು ದಾರಿ ಕಾಯುತ್ತಿದ್ದಾರೆ ಎಂದು ಅಂಚೆಯವನು ಹೇಳಿದ. ಮಾರನೇ ಬೆಳಿಗ್ಗೆ ಲೆಯೊನಾರ್ ಚಕ್ರಗಳಿಗೆ ಸರಪಳಿ ಕಟ್ಟಿ, ಕಲಸುಮೇಲೋಗರವನ್ನು ತಂಗಿಯ ಮನೆ ಮುಂದೆ ತಂದು ನಿಲ್ಲಿಸಿದ. ಹಾರ್ನ್ ಮಾಡಲಿಲ್ಲ. ಇಂಜಿನ್ ಆಫ್ ಮಾಡಲೂ ಇಲ್ಲ. ಪರದೆ ಸರಿಯಿತು, ಮತ್ತೆ ಮುಚ್ಚಿತು. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆದು ವಲೆರಿ ಚೀಲ ಹಿಡಿದು ಬಂದು, ಮುಂದಿನ ಸೀಟಿನಲ್ಲಲ್ಲ, ಹಿಂದಿನ ಸೀಟಿನಲ್ಲಿ ಕೂತಳು.

"ಲುಸೆತ್," ಎಂದಳು.

ಅಂದಿನಿಂದ ದಿನಾ ಹೀಗೇ. ಅವಳು ಮನೆಗಳ ಹೆಸರು ಹೇಳುತ್ತಿದ್ದಳು, ಅವನು ಒಯ್ಯುತ್ತಿದ್ದ. ಬೇರೆ ಮಾತಿಲ್ಲ.

ಫೆಬ್ರವರಿಯ ಒಂದು ದಿನ ಅವಳು, "ಮಾರ್ಸಿಯಾಲ್," ಎಂದಳು.

ಲೆಯೊನಾರ್ ಕನ್ನಡಿಯಲ್ಲಿ ಅವಳನ್ನು ನೋಡಿದ. ಮಾರ್ಸಿಯಾಲ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಅವನಿಗೆ ಗೊತ್ತಿತ್ತು. ಕಾಲಿನ ಗಾಯ ಇನ್ನೂ ಮಾಗಿರಲಿಲ್ಲ. ದಿನಾ ತೊಳೆದು ಕಟ್ಟಬೇಕು, ಡಾಕ್ಟರು ಬರೆದುಕೊಟ್ಟಿದ್ದಾರೆ, ಕಟ್ಟಲು ಈ ಸೀಮೆಯಲ್ಲಿ ಇರುವವಳು ಇವಳೊಬ್ಬಳೇ.

ಬಾಗಿಲು ತೆರೆದವಳು ಮಾರ್ಸಿಯಾಲನ ಹೆಂಡತಿ ನೊಯೆಮಿ. ವಲೆರಿಯನ್ನು ಕಂಡು ಅವಳ ಮುಖ ಗಂಟಿಕ್ಕಿತು. ಅಡ್ಡ ನಿಂತಳು.

"ಯಾರದು? ಬಾಗಿಲು ಹಾಕೇ, ಚಳಿ!" ಒಳಗಿನಿಂದ ಮುದುಕನ ದನಿ. "ನರ್ಸಾ? ಬರ್ಲಿ ಬಿಡು. ಅವಳ ಅಣ್ಣನೂ ಬರ್ಲಿ. ಹೊರಗೆ ಹೆಪ್ಪುಗಟ್ಟಿ ಸತ್ರೆ ಅದೂ ನಮ್ಮ ತಲೆಗೇ ಬರುತ್ತೆ."

ಮಾರ್ಸಿಯಾಲ್ ಒಲೆಯ ಪಕ್ಕ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ವಲೆರಿ ಕೋಟು ತೆಗೆದು, ಕೈ ತೊಳೆದು, ಅವನ ಮುಂದೆ ಮಂಡಿಯೂರಿದಳು. ಹಳೆಯ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದಳು. ಲೆಯೊನಾರ್ ಬಾಗಿಲ ಬಳಿಯೇ ನಿಂತ.

"ನಂಗೇನೂ ನೆನಪಿಲ್ಲ," ಎಂದ ಮಾರ್ಸಿಯಾಲ್. "ಬ್ರೆಡ್ಡು ತರೋಕೆ ಹೊರಟಿದ್ದು ಗೊತ್ತು. ಆಮೇಲೆ ಆಸ್ಪತ್ರೆ. ಮಧ್ಯದ್ದು ಇಲ್ಲ. ಎಲ್ರೂ ಒಂದೊಂದು ಥರ ಹೇಳ್ತಾರೆ. ಇದ್ದೋಳು ನೀನೊಬ್ಬಳೇ ಅಲ್ವ? ಹೇಳು. ಏನಾಯ್ತು?"

ವಲೆರಿಯ ಕೈ ನಿಂತಿತು.

"ಯಾಕ್ರೀ ಅದೆಲ್ಲ ಈಗ?" ಎಂದಳು ನೊಯೆಮಿ.

"ನೀನು ಸುಮ್ಮನಿರೆ. ನನ್ನ ಕಾಲು, ನನ್ನ ಕತೆ. ಹೇಳಮ್ಮ."

ವಲೆರಿ ಹೇಳಿದಳು. ಮಂಜಿನಿಂದ ಶುರುಮಾಡಿ, ಯಾವುದನ್ನೂ ಬಿಡದೆ. ತಾನು ಕೂಗಿದ್ದು, ಅವನು ಉತ್ತರ ಕೊಡದೆ ಇದ್ದದ್ದು, ಚರಂಡಿಗೆ ಇಳಿಯದೆ ಹೋದದ್ದು. ನ್ಯಾಯಾಧೀಶರ ಮುಂದೆ ಹೇಳುವಾಗ ಅವಳ ದನಿ ಗಟ್ಟಿಯಿತ್ತು. ಇಲ್ಲಿ ಎರಡು ಕಡೆ ಒಡೆಯಿತು. ಕ್ಷಮಿಸಿ ಎಂದು ಅವಳು ಕೇಳಲಿಲ್ಲ. ಆ ಶಬ್ದ ಬಾಯಿಗೆ ಬಂದು ಹಿಂದಕ್ಕೆ ಹೋದದ್ದನ್ನು ಲೆಯೊನಾರ್ ಕಂಡ.

ಮುದುಕ ಒಲೆಗೆ ಒಂದು ಕಟ್ಟಿಗೆ ನೂಕಿದ. ನೊಯೆಮಿ ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು.

"ಎಷ್ಟು ಹೊತ್ತು ಬಿದ್ದಿದ್ದೆ ಅಲ್ಲಿ?" ಎಂದು ಮಾರ್ಸಿಯಾಲ್ ಕೇಳಿದ.

"ಹಾಲಿನ ಲಾರಿ ಬರೋವರೆಗೆ."

"ನೀನು ಇಳಿದು ನೋಡಿದ್ರೆ ಕಾಲು ಉಳೀತಿತ್ತಾ?"

"ಗೊತ್ತಿಲ್ಲ," ಎಂದಳು ವಲೆರಿ. "ಸ್ವಲ್ಪ ಉಳೀತಿತ್ತೇನೋ. ರಕ್ತ ಕಡಿಮೆ ಹೋಗ್ತಿತ್ತು."

ಮಾರ್ಸಿಯಾಲ್ ತಲೆಯಾಡಿಸಿದ. "ಸರಿ. ಕಟ್ಟು." ಅವಳು ಗಾಯ ತೊಳೆದು ಹೊಸ ಪಟ್ಟಿ ಸುತ್ತುವವರೆಗೂ ಅವನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಅವಳು ಕೋಟು ಹಾಕಿಕೊಳ್ಳುವಾಗ, "ನಾಳೆನೂ ಬರ್ತೀಯಾ?" ಎಂದ.

"ಬರ್ತೀನಿ."

"ಬಾ. ಆದ್ರೆ ನನ್ನ ಹತ್ರ ಮಾತು ನಿರೀಕ್ಷೆ ಮಾಡ್ಬೇಡ. ನಂಗಿನ್ನೂ ಆಗಲ್ಲ."

ಹೊರಗೆ ಹಿಮ ಮತ್ತೆ ಬೀಳತೊಡಗಿತ್ತು. ಲೆಯೊನಾರ್ ಗಾಜನ್ನು ತೋಳಿನಿಂದ ಒರೆಸಿ, ಒಳಗೆ ಕೂತು, ಇಂಜಿನ್ ಚಾಲೂ ಮಾಡಿದ. ಹಿಂದಿನ ಸೀಟಿನಲ್ಲಿ ವಲೆರಿ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅಳುತ್ತಿದ್ದಳು, ಸದ್ದಿಲ್ಲದೆ. ಅವನು ಹಿಂದಕ್ಕೆ ತಿರುಗಲಿಲ್ಲ. ಸರಪಳಿಗಳು ಹಿಮವನ್ನು ಕಚ್ಚಿಕೊಂಡವು, ಕಾರು ಮೆಲ್ಲಗೆ ಮುಂದೆ ಹೋಯಿತು. ಕವಲು ದಾರಿಯಲ್ಲಿ ಅವನು ನಿಲ್ಲಿಸಿ ಕಾದ.

"ಎಡಕ್ಕೆ, ಅಣ್ಣ," ಎಂದಳು ವಲೆರಿ.